ಅದು ಜಿಲ್ಲೆ ಕಣ್ರೀ

ನಿನ್ನೆ ನಮ್ಮ ಕೊಡಗಿನ ಗೋಣಿಕೊಪ್ಪದ ಮದುವೆ ಊಟಕ್ಕೆ ಬೆಂಗಳೂರಿನ ನೆಂಟರೊಬ್ಬರು ನನ್ನ ಪಕ್ಕ ಕೂತರು. ಕಡಂಬುಟ್ಟು (ಅಕ್ಕಿ ಉಂಡೆ) ಮುರಿಯುತ್ತಲೇ ಶುರು. ಸಂವಿಧಾನವನ್ನೇ ಹೊಸದಾಗಿ ಬರೆಯಬೇಕಂತೆ, ರಾಜ್ಯದ ವಿಷಯಕ್ಕೆ ದೆಹಲಿ ಕೈ ಹಾಕಬಾರದಂತೆ. ಶಿಕ್ಷಣ, ಕಾಡು ಎರಡನ್ನೂ 1976ರಲ್ಲಿ 42ನೇ ತಿದ್ದುಪಡಿ ತಂದು ರಾಜ್ಯಗಳೇ ಕಾನೂನು ಮಾಡುವ ರಾಜ್ಯಪಟ್ಟಿಯಿಂದ ಎಳೆದುಕೊಂಡರು. 1989ರಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡುವಾಗ ಸದನದಲ್ಲಿ ಬಲ ತೋರಿಸಲೂ ಬಿಡಲಿಲ್ಲ. ಎಲ್ಲಾ ನಿಜ. ಖುಷಿಯಿಂದ ತಲೆಯಾಡಿಸಿದೆ. ಸುಮ್ನಿರಲಾರದೆ ಕೇಳಿದೆ, "ಹಾಗಾದ್ರೆ ಕೊಡಗು?"

"ಅದು ಜಿಲ್ಲೆ ಕಣ್ರೀ" ಅಂದರು. ನಗು ಬೇರೆ.

ಪಂದಿಕರಿ ಗಂಟಲಲ್ಲೇ ನಿಂತಿತು.

1956ರ ನವೆಂಬರ್ 1ರವರೆಗೆ ಅದು ರಾಜ್ಯವಾಗಿತ್ತು ಮಾರಾಯ್ರೆ. ಆಗ ರಾಜ್ಯಗಳಿಗೆ 'ಎ', 'ಬಿ', 'ಸಿ' ಅಂತ ದರ್ಜೆ ಇತ್ತು; ನಮ್ಮದು 'ಸಿ', ಚಿಕ್ಕದು, ಒಪ್ಪಿದೆ. ಆದರೂ 24 ಶಾಸಕರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಈಗ ಶಾಸಕರು ಇಬ್ಬರು.

ಪ್ರತ್ಯೇಕ ರಾಜ್ಯ ಕೊಡಿ ಅಂತ ಬೋರ್ಡು ಹಿಡಿಯುವವನಲ್ಲ ನಾನು. (ಹೇಳಿಯೇ ಬಿಡುತ್ತೇನೆ: 1952ರಲ್ಲಿ ನಮ್ಮಜ್ಜ ಓಟು ಹಾಕಿದ್ದು ಮೈಸೂರಿಗೆ ಸೇರೋಣ ಅಂದ ಕಾಂಗ್ರೆಸ್ಸಿಗೇ. ಅವರು 15 ಗೆದ್ದರು. ಬೇಡ ಅಂದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಗುರುತಿನ ಗುಂಪಿಗೆ 9.) ನನ್ನ ಉರಿ ಬೇರೆ. ಅಜ್ಜ ಯಾವ ಕಡೆ ಓಟು ಹಾಕಿದ್ದರೂ ಕಾನೂನಿಗೆ ಅದು ಲೆಕ್ಕಕ್ಕಿರಲಿಲ್ಲ. ಸಂವಿಧಾನದ 3ನೇ ವಿಧಿ ಪ್ರಕಾರ ರಾಜ್ಯಗಳನ್ನು ಸೇರಿಸಲು, ಸೀಳಲು ಸಂಸತ್ತಿನ ಸಾದಾ ಬಹುಮತ ಸಾಕು. ಅಭಿಪ್ರಾಯ ಕೇಳುತ್ತಾರೆ, ಒಪ್ಪಿಗೆ ಕೇಳುವುದಿಲ್ಲ. ಆಗಿನ ವಿಧಿಯಲ್ಲಿ ಅಭಿಪ್ರಾಯ ಕೇಳಬೇಕಿದ್ದದ್ದೂ 'ಎ', 'ಬಿ' ರಾಜ್ಯಗಳನ್ನು ಮಾತ್ರ. 'ಸಿ'ಗೆ ಆ ಮರ್ಯಾದೆಯೂ ಇಲ್ಲ! 2014ರಲ್ಲಿ ಆಂಧ್ರ ವಿಧಾನಸಭೆ ಬೇಡ ಅಂದರೂ ತೆಲಂಗಾಣ ಆಯಿತಲ್ವಾ.

ದೆಹಲಿ ಕೈ ಮಾಡಿದರೆ ಬೆಂಗಳೂರಿಗೆ ನೋವು. ಬೆಂಗಳೂರು ಕೈ ಮಾಡಿದರೆ?

ದಸರಾ ಕಳೆದ ವಾರ ರಸ್ತೆ ಅಗಲ ಮಾಡುತ್ತೇವೆ ಅಂತ ನಮ್ಮ ಬೇಲಿಗೆ ಜೆಸಿಬಿ ಬಂತು. ಸಿಲ್ವರ್ ಓಕ್ ಮರ ಒಂದು ಉರುಳಿತು, ಹಬ್ಬಿದ್ದ ಮೆಣಸಿನ ಬಳ್ಳಿ ಸಮೇತ. ಹಸಿರು ಕಾಳೆಲ್ಲ ಕೆಸರಲ್ಲಿ. ನೋಟಿಸು ಬಂದದ್ದು 11 ದಿನ ಆದಮೇಲೆ. "ಹೇಳಿದ್ದು ಮಾಡ್ತೀನಿ ಅಣ್ಣ" ಅಂದ ಡ್ರೈವರ್ ಹುಡುಗ, ಪಾಪ. ನನ್ನ ಕೈ ಕತ್ತಿಯ ಹಿಡಿಗೆ ಹೋಗಿತ್ತು. ಅದನ್ನು ಮುಚ್ಚಿಟ್ಟು ನ್ಯಾಯ ಮಾತಾಡಿದರೆ ಸರಿಯಾಗಲ್ಲ.

ಮನೆಯಲ್ಲಿ ಕೋವಿ ಇದೆ, ಲೈಸೆನ್ಸ್ ಬೇಡ ಅಂತ ಕೊಡವರಾದ ನಮಗೆ ವಿನಾಯಿತಿಯೂ ಇದೆ. ಖಾಲಿ ಕೋವಿಯನ್ನೂ ಮನುಷ್ಯನ ಕಡೆ ತಿರುಗಿಸಬಾರದು ಅಂತ ಅಪ್ಪ ಕಲಿಸಿದ್ದು ನನಗೆ ಹತ್ತು ವರ್ಷ ಇದ್ದಾಗ. ಸರ್ಕಾರಕ್ಕೆ ಅಪ್ಪ ಇಲ್ಲ.

ಒಬ್ಬೊಬ್ಬರ ಒಪ್ಪಿಗೆ ಕೇಳುತ್ತಾ ಕೂತರೆ ರಸ್ತೆಯೇ ಆಗಲ್ಲ ಅನ್ನುತ್ತೀರಾ? ಒಂದ್ಸಲ ಕೇಳಿ ನೋಡಿದ್ದೀರಾ? ಬಂದು ಒಂದು ಲೋಟ ಕಾಫಿ ಕುಡಿದು ಕೇಳಿದ್ದರೆ ಬೇಲಿಯನ್ನು ನಾನೇ ಹಿಂದಕ್ಕೆ ಹಾಕುತ್ತಿದ್ದೆ.

ಬರೆಯಿರಿ ಹೊಸ ಸಂವಿಧಾನ, ಬೇಡ ಅಂದವರ್ಯಾರು. ತನ್ನ ಪಾಡಿಗೆ ಇರುವವನ ಮೇಲೆ ಸರ್ಕಾರ ತಾನಾಗಿ ಕೈ ಎತ್ತಬಾರದು ಅಂತ ಮೊದಲ ಪುಟದಲ್ಲೇ ಇರಲಿ. ದೆಹಲಿ ಜೊತೆ ಬೆಂಗಳೂರಿನ ಹೆಸರೂ ಇರಲಿ.

ಹೊರಡುವಾಗ ನೆಂಟರು, "ಮನೆ ಮೆಣಸು ಎರಡು ಕೆಜಿ ಸಿಗುತ್ತಾ?" ಅಂದರು. ಯಾವ ಬಳ್ಳಿದು ಕೊಡಲಿ ಅಂದೆ.