ಸ್ಪಷ್ಟನೆ: ಮನುಷ್ಯನ ಭ್ರೂಣಕ್ಕೆ ಕಿವಿರು ಇರುವುದಿಲ್ಲ

ಬಾಗಲಕೋಟೆ, ವಿಜಯಪುರದ ಬಿ.ಎಸ್ಸಿ. ಪ್ರಾಣಿಶಾಸ್ತ್ರದ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೋ ಓಡಾಡುತ್ತಿದೆ. ‘ನಾಲ್ಕನೇ ವಾರದಲ್ಲಿ ಮನುಷ್ಯನ ಭ್ರೂಣ ಮೀನಾಗಿರುತ್ತದೆ, ಕಿವಿರು ಇರುತ್ತದೆ. ಪರೀಕ್ಷೆಗೆ ಗ್ಯಾರಂಟಿ’ ಎಂದಿದೆ. ಆ ಕೈಬರಹ ನನ್ನದೇ, ಮೂರು ವರ್ಷದ ಹಿಂದಿನ ನೋಟ್ಸ್. ಬರೆದದ್ದು ತಪ್ಪು.

ಆ ಹೊತ್ತಿಗೆ ಭ್ರೂಣದ ಕುತ್ತಿಗೆಯ ಪಕ್ಕದಲ್ಲಿ ಮಡಿಕೆಗಳು ಕಾಣುವುದು ನಿಜ. ಅವು ಫ್ಯಾರಿಂಜಿಯಲ್ ಆರ್ಚ್‌ಗಳು, ಅಂದರೆ ಗಂಟಲಿನ ಭಾಗದ ಕಮಾನಿನಂಥ ಮಡಿಕೆಗಳು. ಮೀನಿನಲ್ಲಿ ಇವುಗಳಿಂದ ಕಿವಿರು ಬೆಳೆಯುತ್ತದೆ. ನಮ್ಮಲ್ಲಿ ಯಾವ ಹಂತದಲ್ಲೂ ಇಲ್ಲ. ಮೊದಲನೇ ಆರ್ಚ್‌ನಿಂದ ದವಡೆ, ಜೊತೆಗೆ ಕಿವಿಯೊಳಗಿನ ಮ್ಯಾಲಿಯಸ್, ಇಂಕಸ್ ಮೂಳೆಗಳು ಬರುತ್ತವೆ. ಎರಡನೆಯದರಿಂದ ಕಿವಿಯೊಳಗಿನದೇ ಇನ್ನೊಂದು ಮೂಳೆ, ಸ್ಟೇಪಿಸ್. ಕಿವಿರು ಅಂದುಕೊಂಡದ್ದು ಕಿವಿಯಾಯಿತು ನೋಡಿ!

‘ಭ್ರೂಣ ಮೀನಾಗಿ, ಹಲ್ಲಿಯಾಗಿ ಕೊನೆಗೆ ಮನುಷ್ಯನಾಗುತ್ತದೆ’ ಎಂಬ ಲೆಕ್ಕ ಜರ್ಮನಿಯ ಜೀವಶಾಸ್ತ್ರಜ್ಞ ಎರ್ನ್ಸ್ಟ್ ಹೆಕೆಲ್ 1866ರಲ್ಲಿ ಹೇಳಿದ್ದು. ಈಗ ಅದನ್ನು ಜೀವಶಾಸ್ತ್ರಜ್ಞರು ಒಪ್ಪುವುದಿಲ್ಲ. ಅದಕ್ಕೂ ಮೊದಲೇ, 1828ರಲ್ಲಿ, ಭ್ರೂಣಶಾಸ್ತ್ರಜ್ಞ ಫಾನ್ ಬೇರ್ ಸರಿಯಾಗಿ ಗುರುತಿಸಿದ್ದರು: ಒಂದು ಪ್ರಾಣಿಯ ಭ್ರೂಣ ಇನ್ನೊಂದರ ಭ್ರೂಣವನ್ನು ಹೋಲಬಹುದು, ಬೆಳೆದ ಪ್ರಾಣಿಯನ್ನಲ್ಲ. ಪರೀಕ್ಷೆಯಲ್ಲಿ ಹೆಕೆಲ್ ಬಂದರೆ ಬರೆಯಿರಿ, ಆದರೆ ಹಳೆಯ ವಾದ ಅಂತ ಬರೆಯಿರಿ.

ಪ್ರಾಕ್ಟಿಕಲ್‌ನಲ್ಲಿ 72 ಗಂಟೆಯ ಕೋಳಿ ಭ್ರೂಣದ ಸ್ಲೈಡ್ ಕೊಡುತ್ತಾರಲ್ವಾ, ಅದರಲ್ಲಿ ಕಣ್ಣಿಗೂ ಹೃದಯಕ್ಕೂ ನಡುವೆ ಸ್ವಲ್ಪ ನಿಧಾನವಾಗಿ ನೋಡಿ. ಇವೇ ಮಡಿಕೆಗಳು ಸಾಲಾಗಿ ಕಾಣುತ್ತವೆ. ಕೋಳಿಗೂ ಕಿವಿರು ಬರುವುದಿಲ್ಲ.

ದಯವಿಟ್ಟು ಆ ಫೋಟೋವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ. ಜೂನಿಯರ್‌ಗಳು ಅದನ್ನು ಜೆರಾಕ್ಸ್ ಮಾಡಿಸಿಕೊಂಡಿದ್ದಾರಂತೆ, ಅವರಿಗೂ ತಿಳಿಸಿ.