ಕುಳೆಂ ನಿಲ್ದಾಣದ ಬಸ್ಕಿ ಸೇವೆ

ಗೋವಾದ ವಾಸ್ಕೋದಲ್ಲಿ ಹೊಟ್ಟೆ ಹೊರೆಯುವ ನಮ್ಮಂಥ ಕನ್ನಡಿಗರಿಗೆ ಊರ ದಾರಿ ಎಂದರೆ ಘಾಟಿನ ಬುಡದ ಕುಳೆಂ ನಿಲ್ದಾಣ. ಹಬ್ಬಕ್ಕೆ ಹುಬ್ಬಳ್ಳಿಗೆ ಹೊರಟ ರೈಲು ಅಲ್ಲಿ ನಿಂತು, ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ನುಗಳನ್ನು ಕಟ್ಟಿಕೊಂಡು, 37 ಅಡಿಗೆ 1 ಅಡಿಯಂತೆ ಏರುವ ಬ್ರಗಾಂಜಾ ಘಾಟನ್ನು ಏದುಸಿರು ಬಿಡುತ್ತ ಹತ್ತುವಷ್ಟರಲ್ಲಿ ನಮ್ಮ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಖಾಲಿಯಾಗಿರುತ್ತವೆ. ಬುತ್ತಿ ಬಿಚ್ಚುವ ಜಾಗವೆಂದಷ್ಟೇ ನಾನು ತಿಳಿದಿದ್ದ ಈ ನಿಲ್ದಾಣವು ಗರಡಿಮನೆಯೂ ಹೌದೆಂಬುದು 2023ರ ಜುಲೈನಲ್ಲಿ ಬಯಲಾಯಿತು. ದೂಧಸಾಗರ ಜಲಪಾತ ನೋಡಲು ಹಳಿಗುಂಟ ಹೊರಟ ಯುವಕರ ದಂಡನ್ನು ಪೊಲೀಸರು ತಡೆದು, ಅಲ್ಲೇ ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿದ್ದನ್ನು ದೇಶವೆಲ್ಲ ಮೊಬೈಲಿನಲ್ಲಿ ಕಂಡಿತು.

ಜನರನ್ನು ತಡೆದು ನಿಲ್ಲಿಸುವುದು ಕುಳೆಂಗೆ ಹೊಸ ಕಸುಬೇನಲ್ಲ. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಫಲವಾಗಿ, ಮರ್ಮಗೋವಾ ಬಂದರಿನಿಂದ ಹೊರಟ ಮೀಟರ್‌ಗೇಜ್ ಹಳಿಯು 1888ರಲ್ಲಿ ಘಾಟು ಹತ್ತಿತು. ಮೇಲಿನ ಕ್ಯಾಸಲ್‌ರಾಕ್ ಬ್ರಿಟಿಷರದಾಗಿ, ಕೆಳಗಿನ ಕುಳೆಂ ಪೋರ್ಚುಗೀಸರದಾಗಿ, ಒಂದೇ ರೈಲಿನ ಪ್ರಯಾಣಿಕನು ಎರಡು ಕಡೆ ಗಂಟು ಬಿಚ್ಚಿ ತೋರಿಸಿ, ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದನ್ನು ಎರಡು ಭಾಷೆಗಳಲ್ಲಿ ಕಲಿಯಬೇಕಾಯಿತು. 1961ರಲ್ಲಿ ಗೋವಾ ವಿಮೋಚನೆಯಾಯಿತು, 1990ರ ದಶಕದಲ್ಲಿ ಹಳಿ ಅಗಲವಾಯಿತು. ಈಗ ಕುಳೆಂಗೆ ಅಪ್ಪಣೆ ಬರುವುದು ಲಿಸ್ಬನ್ನಿನಿಂದಲ್ಲ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ನಮ್ಮ ಹುಬ್ಬಳ್ಳಿಯಿಂದ. ಹೆಮ್ಮೆಪಡುವುದೋ ಮುಖ ಮುಚ್ಚಿಕೊಳ್ಳುವುದೋ ಎಂದು ಇಲ್ಲಿಯ ಕನ್ನಡಿಗರು ಇನ್ನೂ ನಿರ್ಧರಿಸಿಲ್ಲ.

ಮಳೆಗಾಲದಲ್ಲಿ, ಸುರಂಗ ಸೇತುವೆಗಳಿರುವ ಹಳಿಯ ಮೇಲೆ ನಡೆಯುವುದು ಜೀವಕ್ಕೆ ಎರವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಅತಿಕ್ರಮಣಕ್ಕೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮು ವಿಧಿಸುವುದು ಆರು ತಿಂಗಳವರೆಗಿನ ಸಜೆ ಅಥವಾ 1000 ರೂಪಾಯಿವರೆಗಿನ ದಂಡ ಅಥವಾ ಎರಡೂ. ಕಾಯ್ದೆಯನ್ನು ತಲೆಕೆಳಗು ಹಿಡಿದು ಓದಿದರೂ ಬಸ್ಕಿ ಸಿಗುವುದಿಲ್ಲ. ಇಲಾಖೆ ಆಗ ಜೊತೆಗೆ ನೆನಪಿಸಿದ 159ನೇ ಕಲಮಂತೂ ರೈಲ್ವೆ ಆವರಣದಲ್ಲಿ ಮಾತು ಕೇಳದ ವಾಹನ ಚಾಲಕರಿಗೂ ನಿರ್ವಾಹಕರಿಗೂ ಸಂಬಂಧಿಸಿದ್ದು. ಕಾಲ್ನಡಿಗೆಯ ಹುಡುಗರನ್ನೇ ವಾಹನವೆಂದು ಪರಿಗಣಿಸಿ, ಮೊಣಕಾಲಿನ ಸ್ಪ್ರಿಂಗು ಪರೀಕ್ಷಿಸಿರಬೇಕು. ಈ ಸೇವೆಯನ್ನು ಅಧಿಕೃತಗೊಳಿಸುವುದಾದರೆ ದರಪಟ್ಟಿಯೂ ಬೇಕಾಗುತ್ತದೆ: ಸ್ಲೀಪರ್‌ನವರಿಗೆ ಐವತ್ತು, ತತ್ಕಾಲ್‌ನವರಿಗೆ ಅದೇ ಐವತ್ತು ಬೇಗಬೇಗನೆ, ಹಿರಿಯ ನಾಗರಿಕರಿಂದ 2020ರಲ್ಲಿ ಕಿತ್ತುಕೊಂಡ ರಿಯಾಯಿತಿಯನ್ನು ಬಸ್ಕಿಯಲ್ಲಾದರೂ ಮರಳಿಸಬಹುದು.

ಹಾಗಾದರೆ ಜಲಪಾತವನ್ನು ನೋಡುವುದು ಹೇಗೆ? ಬೋಗಿಯ ಒಳಗಿನಿಂದಲೇ ಸವಿಯಿರಿ ಎಂದು ರೈಲ್ವೆ ಅಂದೇ ಅಪ್ಪಣೆ ಕೊಡಿಸಿತು. 310 ಮೀಟರಿನಿಂದ ಧುಮ್ಮಿಕ್ಕುವ ನೀರು ಎಡ ಕಿಟಕಿಯವನಿಗೋ ಬಲ ಕಿಟಕಿಯವನಿಗೋ ಎಂಬುದು ಮುಂಗಡ ಬುಕಿಂಗಿನಲ್ಲಿ ತಿಳಿಯದು. ಏಸಿ ಬೋಗಿಯವನಿಗೆ ಕಾಣುವುದು ಗಾಜಿನ ಹೊಗೆ ಮಾತ್ರ. ವಿಚಿತ್ರವೆಂದರೆ ಅಲ್ಲಿ ದೂಧಸಾಗರವೆಂಬ ನಿಲ್ದಾಣವೇ ಇದೆ, ಹೆಸರಿನ ಫಲಕವೂ ಇದೆ, ತಾಂತ್ರಿಕ ಕಾರಣಕ್ಕೆ ರೈಲು ನಿಲ್ಲುವುದೂ ಉಂಟು. ಆದರೆ ಅದು ರೈಲಿಗಾಗಿ ಇರುವ ನಿಲ್ದಾಣ, ಜನರಿಗಾಗಿ ಅಲ್ಲ. ದಣಿದ ಬ್ರೇಕಿಗೆ ಅಲ್ಲಿ ವಿಶ್ರಾಂತಿಯ ಹಕ್ಕಿದೆ, ಟಿಕೆಟು ಪಡೆದವನಿಗೆ ಇಳಿಯುವ ಹಕ್ಕಿಲ್ಲ.

ಕಳೆದ ಶ್ರಾವಣದಲ್ಲಿ ನಮ್ಮ ರೈಲು ಅಲ್ಲಿ ನಿಂತಿತ್ತು. ಬಾಗಿಲಿಗೆ ಅಂಟಿಕೊಂಡವರೆಲ್ಲ ಒಂದು ಕಾಲನ್ನೂ ಕೆಳಗಿಡದೆ ಕತ್ತು ಚಾಚಿದ್ದಾಗ, ಮಂಗವೊಂದು ಟಿಕೆಟಿಲ್ಲದೆ ಒಳಬಂದು, ನನ್ನ ಶೇಂಗಾ ಹೋಳಿಗೆಯನ್ನು ಎತ್ತಿಕೊಂಡು, ನಿಧಾನವಾಗಿ ಪ್ಲಾಟ್‌ಫಾರ್ಮಿಗೆ ಇಳಿದು, ಜಲಪಾತಕ್ಕೆ ಮುಖಮಾಡಿ ಕುಳಿತು ತಿಂದಿತು. ಅದಕ್ಕೆ ಯಾರೂ ಬಸ್ಕಿ ಹೊಡೆಸಲಿಲ್ಲ.