ಐದಕ್ಕೆ 5.4

ಟೆಸ್ಲಾ ಕೊನೆಗೂ ಭಾರತಕ್ಕೆ ಬಂತು. 2025ರ ಜುಲೈನಲ್ಲಿ ಮುಂಬೈಯಲ್ಲಿ ಶೋರೂಮ್ ತೆರೆಯಿತು. ಅವತ್ತಿನಿಂದ ಕಾರು ಕೊಳ್ಳುವ ಯೋಗ್ಯತೆ ಇಲ್ಲದವರೆಲ್ಲ ಕಾರನ್ನು ಗುದ್ದಿಸಿ ನೋಡಿ ಐದಕ್ಕೆ ಇಷ್ಟು ಅಂತ ಕೊಡುವ ಸೇಫ್ಟಿ ಸ್ಟಾರ್ ಬಗ್ಗೆ ಪ್ರವಚನ ಶುರು ಮಾಡಿದ್ದಾರೆ. ನಾನೂ ಆ ಪೈಕಿಯವನೇ. ಹಾಗಾಗಿ ನನಗೂ ಒಂದು ಪ್ರವಚನದ ಹಕ್ಕಿದೆ.

ಸ್ಟಾರ್ ಅಂದ ಕೂಡಲೇ ನೆನಪಾಗೋದು 2013ರ ಆಗಸ್ಟ್ ತಿಂಗಳ ಅಮೆರಿಕ. ಅಲ್ಲಿನ ಹೆದ್ದಾರಿ ಸುರಕ್ಷತೆಯ ಸರ್ಕಾರಿ ಸಂಸ್ಥೆ ಟೆಸ್ಲಾದ ದುಬಾರಿ ಸೆಡಾನ್ ಮಾಡೆಲ್ ಎಸ್ ಅನ್ನು ಗುದ್ದಿಸಿ ನೋಡಿತು. ಮುಂದಿನಿಂದ 5, ಬದಿಯಿಂದ 5, ಮಗುಚುವ ಲೆಕ್ಕದಲ್ಲೂ 5. ಬೇರೆ ಕಂಪನಿಯಾಗಿದ್ದರೆ ಪೇಡಾ ಹಂಚಿ ಸುಮ್ಮನಾಗುತ್ತಿತ್ತು. ಟೆಸ್ಲಾ ಕ್ಯಾಲ್ಕುಲೇಟರ್ ತೆಗೆಯಿತು. ಗುಣಿಸಿ, ಭಾಗಿಸಿ, ನಮಗೆ ಬಂದಿರೋದು 5.4 ಸ್ಟಾರ್ ಅಂತ ಪ್ರಕಟಣೆ ಹೊರಡಿಸಿತು.

ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು 625ಕ್ಕೆ 625 ತೆಗೆಯುತ್ತಾರೆ. ಪಾಪ, ಅವರ ಅಪ್ಪ ಅಮ್ಮ ಕೂಡ 626 ಕೇಳಿದ್ದಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಣು ಬಿದ್ದು ಫಲಿತಾಂಶ ದಬಕ್ಕನೆ ಕುಸಿದಾಗ, ಸರ್ಕಾರವೇ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿ ಮರ್ಯಾದೆ ಉಳಿಸಿಕೊಂಡಿತು. ಆದರೆ ಅದು ಫೇಲಾಗುವವರಿಗೆ ಕೊಟ್ಟ ಕೃಪೆ. ಔಟ್ ಆಫ್ ಔಟ್ ಬಂದವನೇ ತನಗೆ ತಾನೇ ಕೃಪಾಂಕ ಕೊಟ್ಟುಕೊಂಡಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಮ್ಮ ಪರೀಕ್ಷಾ ಮಂಡಳಿಗೂ ಈ ಐಡಿಯಾ ಹೊಳೆದಿರಲಿಲ್ಲ, ಅಲ್ವಾ?

ಅಮೆರಿಕದ ಆ ಸುರಕ್ಷತಾ ಸಂಸ್ಥೆಯವರು ಹೌಹಾರಿದರು. ಐದರ ಮೇಲೆ ನಾವು ಕೊಡುವುದಿಲ್ಲ, ಐದು ಬಂದವರಲ್ಲಿ ಯಾರು ಮೇಲು ಯಾರು ಕೀಳು ಅಂತ ಹೇಳುವುದೂ ಇಲ್ಲ ಎಂದು ತಿಳಿಹೇಳಿದರು. ತಿಳಿಹೇಳಿದ್ದು ಎಷ್ಟು ಚೆನ್ನಾಗಿ ತಲೆಗೆ ಹೋಯಿತು ಅಂದರೆ, 2018ರಲ್ಲಿ ತನ್ನ ಇನ್ನೊಂದು ಕಾರು ಮಾಡೆಲ್ 3ರ ಫಲಿತಾಂಶ ಬಂದಾಗ ಟೆಸ್ಲಾ, ಇವರು ಪರೀಕ್ಷಿಸಿದ ಕಾರುಗಳಲ್ಲೇ ಗಾಯವಾಗುವ ಸಾಧ್ಯತೆ ಅತಿ ಕಡಿಮೆ ಇರೋದು ನಮ್ಮದಕ್ಕೆ ಎಂದಿತು. ಈ ಸಲ ಸಂಸ್ಥೆಯ ವಕೀಲರೇ ಪತ್ರ ಬರೆಯಬೇಕಾಯಿತು.

ಆ 5.4ರ ಹಳೆ ಪ್ರಕಟಣೆಯನ್ನು ಇವತ್ತಿಗೂ ಓದಬೇಕು. ಬದಿಯ ಹೊಡೆತ ತಡೆಯಲು ಕಾರಿನ ಪಕ್ಕದ ಪಟ್ಟಿಯೊಳಗೆ ಅಲ್ಯೂಮಿನಿಯಂ ಕೊಳವೆಗಳನ್ನು ಕೂಡಿಸಿದ್ದಾರಂತೆ. ಚಂದ್ರನ ಮೇಲಿಳಿದ ಅಪೊಲೊ ನೌಕೆಯಲ್ಲೂ ಇಂಥದ್ದೇ ಉಪಾಯ ಇತ್ತಂತೆ. ಚಂದ್ರನ ಮೇಲೆ ಪಕ್ಕದಿಂದ ಯಾರು ಬಂದು ಗುದ್ದುತ್ತಿದ್ದರೋ. ಇನ್ನು ಕಾರಿನ ಚಾವಣಿ ಅದುಮುವ ಪರೀಕ್ಷೆಯಲ್ಲಿ ಚಾವಣಿಗೆ ಏನೂ ಆಗಲಿಲ್ಲ, ಅದುಮುವ ಯಂತ್ರವೇ ಮುರಿದುಹೋಯಿತಂತೆ. ಶಿವಧನುಸ್ಸು ಮುರಿದ ರಾಮ ಕೂಡ ಪತ್ರಿಕಾ ಪ್ರಕಟಣೆ ಕೊಟ್ಟಿರಲಿಲ್ಲ.

ಇಷ್ಟೆಲ್ಲ ಜಂಬದ ನಡುವೆ ಒಂದು ಸಾಲು ಮಾತ್ರ ನಗು ನಿಲ್ಲಿಸುತ್ತದೆ. ಕಾರನ್ನು ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡ ಜಾರಿಸಿ, 25 ಸೆಂಟಿಮೀಟರ್ ದಪ್ಪದ ಕಂಬಕ್ಕೆ ಬಡಿಸುವ ಪರೀಕ್ಷೆ ಒಂದಿದೆ. ಅದಾದ ಮೇಲೆ ಡ್ರೈವರ್ ಕೂತ ಜಾಗದಲ್ಲಿ ಮಾಡೆಲ್ ಎಸ್‌ನಲ್ಲಿ ಶೇಕಡ 63.5 ಉಳಿಯಿತು, ವೋಲ್ವೊ ಕಂಪನಿಯ ಎಸ್60 ಕಾರಿನಲ್ಲಿ 7.8 ಉಳಿಯಿತು ಅಂತ ಟೆಸ್ಲಾ ಬರೆದುಕೊಂಡಿತ್ತು. ಕಂಪನಿಯದೇ ಲೆಕ್ಕ, ಇರಲಿ. ಆದರೆ ಅದೇ ಉಸಿರಿನಲ್ಲಿ, ಆ ವೋಲ್ವೊಗೂ ಎಲ್ಲದರಲ್ಲೂ 5 ಸ್ಟಾರ್ ಇದೆ ಅಂತಲೂ ಹೇಳಿತ್ತು. 63ಕ್ಕೂ ಐದು, 7ಕ್ಕೂ ಐದು! ಹಾಗಾದರೆ ಈ ಸ್ಟಾರ್ ನೋಡಿಕೊಂಡು ನಾವು ಏನು ಕೊಳ್ಳಬೇಕು ಸ್ವಾಮಿ? 5.4 ಅನ್ನುವ ಬಡಾಯಿಗೆ ನಕ್ಕವರಲ್ಲಿ ಈ ಪ್ರಶ್ನೆ ಕೇಳಿದವರು ಕಡಿಮೆ.

ಮುಂದಿನಿಂದ ಗುದ್ದಿದರೆ ಬಾನೆಟ್ ಇದೆ, ಬಂಪರ್ ಇದೆ, ನಜ್ಜುಗುಜ್ಜಾಗೋಕೆ ಒಂದು ಮಾರು ಜಾಗ ಇದೆ. ಬದಿಯಲ್ಲಿ ಏನಿದೆ? ಒಂದು ಬಾಗಿಲು. ಅದರಾಚೆ ನಿಮ್ಮ ಪಕ್ಕೆಲುಬು. ಕಾರು 10 ಲಕ್ಷದ್ದಾದರೂ ಕೋಟಿಯದ್ದಾದರೂ ಆ ಗೇಣು ಜಾಗ ಗೇಣೇ.

ಅದಕ್ಕೇ ಅಮೆರಿಕದ ವಿಮಾ ಕಂಪನಿಗಳು ನಡೆಸುವ ಪರೀಕ್ಷಾ ಸಂಸ್ಥೆ 2021ರಲ್ಲಿ ತನ್ನ ಪಾಠ ಬದಲಿಸಿತು. ರಸ್ತೆ ತುಂಬ ಎಸ್‌ಯುವಿಗಳು ಊದಿಕೊಂಡಿವೆ ಅಂತ, ಬದಿಗೆ ಗುದ್ದುವ ಗಾಡಿಯ ತೂಕವನ್ನು 1,500ರಿಂದ 1,900 ಕಿಲೋಗೆ ಏರಿಸಿತು, ವೇಗವನ್ನು 50ರಿಂದ 60ಕ್ಕೆ. ಹೊಸ ಪರೀಕ್ಷೆಗೆ ಕೂತ 20 ಚಿಕ್ಕ ಎಸ್‌ಯುವಿಗಳಲ್ಲಿ ಉತ್ತಮ ಅನ್ನಿಸಿಕೊಂಡಿದ್ದು ಒಂದೇ ಒಂದು.

ಕಾರು ಗುದ್ದಿಸಿ ಸ್ಟಾರ್ ಕೊಡುವ ನಮ್ಮ ಸರ್ಕಾರದ ಯೋಜನೆ ಭಾರತ್ ಎನ್‌ಕ್ಯಾಪ್ 2023ರಲ್ಲಿ ಹುಟ್ಟಿತು. ಅಮೆರಿಕದ ಈ ಬದಲಾವಣೆ ಆಗಿ ಎರಡು ವರ್ಷವಾದ ಮೇಲೆ. ನಮ್ಮಲ್ಲಿ ಬದಿಗೆ ಗುದ್ದುವ ಗಾಡಿಯ ತೂಕ 950 ಕಿಲೋ, ವೇಗ 50. ಎಷ್ಟು ಸಭ್ಯ ಗಾಡಿ ನೋಡಿ. ಬೆಂಗಳೂರಿನಲ್ಲಿ ಸಿಗ್ನಲ್ ಹಾರಿಸಿಕೊಂಡು ಅಡ್ಡ ಬರೋದು ಯಾವುದು? ನೀರಿನ ಟ್ಯಾಂಕರ್. ಕಸದ ಲಾರಿ. ಎರಡು ಟನ್ನಿನ ಎಸ್‌ಯುವಿ, ಅದರ ಮೇಲೊಂದು ಪಕ್ಷದ ಬಾವುಟ. 950 ಕಿಲೋದ್ದು ಬಂದು ಗುದ್ದಲಿ ಅಂತ ಕಾಯುತ್ತಾ ಕೂತರೆ ಸಿಗ್ನಲ್ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಗುತ್ತದೆ. ಅಂದಹಾಗೆ ಈ ಪರೀಕ್ಷೆ ಕಡ್ಡಾಯವೂ ಅಲ್ಲ. ಇಷ್ಟವಿದ್ದವರು ಬಂದು ಬರೆಯಬಹುದು.

ಟೆಸ್ಲಾ ಬೆಂಗಳೂರಿಗೇ ಬರುತ್ತೆ ಅಂತ 2021ರಲ್ಲಿ ಸಂಭ್ರಮವೋ ಸಂಭ್ರಮ. ಲ್ಯಾವೆಲ್ಲೆ ರಸ್ತೆಯ ವಿಳಾಸದಲ್ಲಿ ಕಂಪನಿ ನೋಂದಣಿ ಆಯಿತು, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಟ್ವೀಟ್ ಮಾಡಿ ಸ್ವಾಗತಿಸಿದರು. ಶೋರೂಮ್ ಮೊದಲು ತೆರೆದಿದ್ದು ಮುಂಬೈಯಲ್ಲಿ. ನಮಗೆ ಉಳಿದಿದ್ದು ಟ್ವೀಟು.

ಬದಿಯ ಹೊಡೆತದಲ್ಲಿ ತಲೆ, ಎದೆ ಕಾಯೋದು ಪಕ್ಕದ ಏರ್‌ಬ್ಯಾಗು ಮತ್ತು ಕಿಟಕಿಯ ಮೇಲಿಂದ ಇಳಿಯುವ ಪರದೆ ಏರ್‌ಬ್ಯಾಗು. ಆರು ಏರ್‌ಬ್ಯಾಗ್ ಕಡ್ಡಾಯ ಅಂತ 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕರಡು ಹೊರಡಿಸಿತು. ಆ ಅಕ್ಟೋಬರಿಗೆ ಅಂದರು. ಆಮೇಲೆ ಮುಂದಿನ ಅಕ್ಟೋಬರಿಗೆ ಅಂದರು. ಮಧ್ಯೆ ಅಕ್ಷಯ್ ಕುಮಾರ್ ಪೊಲೀಸ್ ವೇಷ ಹಾಕಿ ಜಾಹೀರಾತಿನಲ್ಲಿ ಬಂದರು. ಗಂಡನ ಮನೆಗೆ ಹೊರಟ ಮಗಳನ್ನು ಎರಡು ಏರ್‌ಬ್ಯಾಗಿನ ಕಾರಿನಲ್ಲಿ ಕಳಿಸಿದರೆ ಅಪ್ಪನಿಗೆ ಅಳು ಬಾರದೇ ಇರುತ್ತಾ ಅಂತ ಕೇಳಿದರು. ವರದಕ್ಷಿಣೆಗೂ ಸೇಫ್ಟಿ ರೇಟಿಂಗ್ ಬಂತಲ್ಲ ಅಂತ ಜನ ಬೈದರು. 2023ರ ಸೆಪ್ಟೆಂಬರಿನಲ್ಲಿ ಮಂತ್ರಿ ಗಡ್ಕರಿಯವರೇ, ಕಡ್ಡಾಯ ಬೇಡ ಬಿಡಿ ಅಂದರು.

ಸರಿ, ನಕ್ಕಿದ್ದು ಸಾಕು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಇದೂ ಸರ್ಕಾರದ್ದೇ ಲೆಕ್ಕ. ಒಂದು ಏರ್‌ಬ್ಯಾಗಿಗೆ ಬೀಳೋದು 800 ರೂಪಾಯಿ ಅಂತ ಅದೇ ವರ್ಷ ಸಂಸತ್ತಿನಲ್ಲಿ ಹೇಳಿದ್ದು ಅದೇ ಮಂತ್ರಿ. ಇರುವ ಎರಡರ ಜತೆ ಇನ್ನು ನಾಲ್ಕು ಅಂದರೆ 3,200 ರೂಪಾಯಿ. ಒಂದು ಟ್ಯಾಂಕ್ ಪೆಟ್ರೋಲಿಗೂ ಸಾಲದ ದುಡ್ಡು. ಅಷ್ಟಕ್ಕೆ ಎರಡು ವರ್ಷ ಎಳೆದಾಡಿ, ಕೊನೆಗೆ ಕೈತೊಳೆದುಕೊಂಡರು.